ಬೀಗಲ್ ನಾಯಿಯ ಲೀಶ್ ಕಳಚಿ ಬಿಟ್ಟ ನಿಮ್ಮ ಬೋರ್ಡಿಂಗ್ ಕೇಂದ್ರದ ಮೇಲೆ ದೂರು

ಗೆ,
ವ್ಯವಸ್ಥಾಪಕರು,
ಸಾಕುನಾಯಿಗಳ ಬೋರ್ಡಿಂಗ್ ಕೇಂದ್ರ,
ಬೆಂಗಳೂರು ಗ್ರಾಮಾಂತರ ಜಿಲ್ಲೆ.

ವಿಷಯ: ಲಿಖಿತ ಸೂಚನೆಯನ್ನು ಕಡೆಗಣಿಸಿ ನಮ್ಮ ನಾಯಿ ತಪ್ಪಿಸಿಕೊಳ್ಳಲು ಕಾರಣರಾದುದರ ಬಗ್ಗೆ.

ಮಾನ್ಯರೇ,

ಕಳೆದ ದಸರಾ ರಜೆಯಲ್ಲಿ ಶಿರಸಿಗೆ ಹೊರಟಾಗ ನಾಲ್ಕು ವರ್ಷದ ನಮ್ಮ ಬೀಗಲ್ ಗುಂಡನನ್ನು ಐದು ದಿನಗಳ ಮಟ್ಟಿಗೆ ನಿಮ್ಮ ಕೇಂದ್ರದಲ್ಲಿ ಬಿಟ್ಟಿದ್ದೆವು. ಮೂರನೆಯ ದಿನ ಸಂಜೆ ಅವನು ನಿಮ್ಮ ಮೈದಾನದ ಬೇಲಿ ನುಸುಳಿ ಹೋದ. ಸಿಕ್ಕಿದ್ದು ಸುಮಾರು ನಲವತ್ತು ಗಂಟೆಗಳ ನಂತರ, ನಾಲ್ಕು ಕಿಲೋಮೀಟರ್ ಆಚೆಯ ರಾಗಿ ಹೊಲದಲ್ಲಿ. ಇದರ ಬಗ್ಗೆ ಕೇಳಿದ್ದಕ್ಕೆ "ನಾಯಿಗೆ ಶಿಸ್ತಿಲ್ಲ, ಕರೆದರೆ ಬರುವುದಿಲ್ಲ" ಎಂದು ಉತ್ತರ ಬರೆದು ಕೈತೊಳೆದುಕೊಂಡಿದ್ದೀರಿ. ಆ ಉತ್ತರವನ್ನು ನಾನು ಒಪ್ಪುವುದಿಲ್ಲ.

ಸೇರಿಸುವ ದಿನ ನೀವು ಕೊಟ್ಟ ಅರ್ಜಿಯಲ್ಲಿ ವಿಶೇಷ ಸೂಚನೆಗೆ ಎರಡೇ ಸಾಲಿನ ಜಾಗವಿತ್ತು. ಅದು ಸಾಲದೆ ನಾನು ಅಂಚಿನಲ್ಲಿಯೂ ಬರೆದಿದ್ದೆ: "ಬೇಲಿಯೊಳಗೂ ಲೀಶ್ ಕಳಚಬಾರದು. ವಾಸನೆ ಹಿಡಿದನೆಂದರೆ ಹೆಸರು ಕೂಗಿದರೂ ಕಿವಿಗೆ ಬೀಳುವುದಿಲ್ಲ." ಅದರ ಕೆಳಗೆ ನಿಮ್ಮ ಸಿಬ್ಬಂದಿಯ ಸಹಿ ಇದೆ, ಪ್ರತಿಯನ್ನು ಲಗತ್ತಿಸಿದ್ದೇನೆ.

"ನಾವು ಮುಧೋಳ ನಾಯಿಗಳನ್ನೂ ನೋಡಿಕೊಂಡಿದ್ದೇವೆ, ಬೇಟೆ ನಾಯಿಗಳೇನು ನಮಗೆ ಹೊಸತಲ್ಲ" ಎಂದು ಅಂದು ನಿಮ್ಮ ಮೇಲ್ವಿಚಾರಕರು ಹೇಳಿದ್ದರು. ತಪ್ಪು ಅಲ್ಲಿಂದಲೇ ಶುರುವಾಗಿದೆ. ಮುಧೋಳ ಕಣ್ಣಿನಿಂದ ಬೇಟೆಯಾಡುವ ತಳಿ. ಓಡುವುದು ಕಂಡರೆ ಅದರ ಬೆನ್ನು ಹತ್ತುತ್ತದೆ. ಬೀಗಲ್ ಹಾಗಲ್ಲ. ಇಂಗ್ಲೆಂಡಿನಲ್ಲಿ ಮೊಲದ ಜಾಡು ಹಿಡಿದು, ಹಿಂಡಾಗಿ, ಹಿಂದೆ ನಡೆದು ಬರುವ ಬೇಟೆಗಾರನ ಕೂಗಿಗೆ ಕಾಯದೆ ಮುಂದುವರಿಯಲೆಂದೇ ತಲೆಮಾರುಗಳಿಂದ ಬೆಳೆಸಿದ ನಾಯಿ ಅದು. ಎದುರಿಗೆ ಏನೂ ಕಾಣದಿದ್ದರೂ, ಯಾವುದೋ ಪ್ರಾಣಿ ಹಾದುಹೋಗಿ ಎಷ್ಟೋ ಹೊತ್ತಾಗಿದ್ದರೂ, ನೆಲದಲ್ಲಿ ಉಳಿದ ವಾಸನೆಯೇ ಅದನ್ನು ಎಳೆದುಕೊಂಡು ಹೋಗುತ್ತದೆ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಚೀಲಗಳಲ್ಲಿರುವ ಹಣ್ಣು, ಮಾಂಸ ಪತ್ತೆ ಮಾಡಲು ಅಲ್ಲಿನ ಸರ್ಕಾರ 1984ರಿಂದ ಬೀಗಲ್‌ಗಳನ್ನು ದುಡಿಸುತ್ತಿದೆ. ಅಷ್ಟು ಚೆನ್ನಾಗಿ ಪಳಗಿದ ಆ ನಾಯಿಗಳು ಕೂಡ ಲೀಶ್‌ನಲ್ಲಿಯೇ ಕೆಲಸ ಮಾಡುತ್ತವೆ. ಮನೆಯಲ್ಲಿ ಗುಂಡ ಎಂಟು ವರ್ಷದ ನನ್ನ ಮಗನ ಕಾಲ ಬಳಿ ಮಲಗುವ, ಬಾಗಿಲ ಗಂಟೆ ಬಾರಿಸಿದವರಿಗೆಲ್ಲ ಬಾಲ ಆಡಿಸುವ ನಾಯಿ. ಅವನನ್ನು ಶಿಸ್ತಿಲ್ಲದವನೆಂದು ಬರೆದದ್ದು ನಮ್ಮ ಮನೆಯವರೆಲ್ಲರಿಗೂ ನೋವು ತಂದಿದೆ.

ನಾನು ನಿಮ್ಮ ಮೈದಾನಕ್ಕೆ ಬಂದಾಗ ಬೇಲಿಯ ಮೂಲೆಯನ್ನು ಖುದ್ದಾಗಿ ನೋಡಿದೆ. ತಂತಿಯ ಕೆಳಗೆ ಒಂದು ಗೇಣಿಗೂ ಹೆಚ್ಚು ಸಂದು, ಕೆದರಿದ ಮಣ್ಣು, ತಂತಿಯ ತುದಿಗೆ ಸಿಕ್ಕಿಕೊಂಡ ಕಂದು ಕೂದಲು. ಆ ಸಂದಿನ ಬಾಯಲ್ಲಿ ಹುಲ್ಲು ಬೆಳೆದಿತ್ತು, ಅಂದರೆ ಅದು ಆ ಸಂಜೆ ಆದದ್ದಲ್ಲ.

ಇದಕ್ಕಿಂತ ದೊಡ್ಡ ತಪ್ಪು ನನ್ನ ದೃಷ್ಟಿಯಲ್ಲಿ ಇನ್ನೊಂದಿದೆ. ಸಂಜೆ ಐದಕ್ಕೆ ತಪ್ಪಿಸಿಕೊಂಡ ವಿಷಯವನ್ನು ನೀವು ನನಗೆ ತಿಳಿಸಿದ್ದು ಮರುದಿನ ಬೆಳಿಗ್ಗೆ ಎಂಟಕ್ಕೆ. ಆ ರಾತ್ರಿಯಿಡೀ ಇಬ್ಬರು ಹುಡುಗರು ಬೈಕಿನಲ್ಲಿ ಹೆಸರು ಕೂಗುತ್ತ ಅವನನ್ನು ಅಟ್ಟಿಸಿಕೊಂಡು ಹೋಗಿದ್ದಾರೆ. ಅಟ್ಟಿಸಿದಷ್ಟೂ ನಾಯಿ ದೂರ ಹೋಗುತ್ತದೆ. ತಕ್ಷಣ ತಿಳಿಸಿದ್ದರೆ, ಅವನ ಚೀಲದಲ್ಲಿಯೇ ನಾನು ಇಟ್ಟಿದ್ದ ನನ್ನ ಹಳೆಯ ಹತ್ತಿಯ ಸೀರೆಯನ್ನು ಬೇಲಿಯ ಹೊರಗೆ ಹಾಸಿ, ಪಕ್ಕದಲ್ಲಿ ನೀರಿಟ್ಟು ಸುಮ್ಮನೆ ಕಾಯಿರಿ ಎಂದು ಹೇಳುತ್ತಿದ್ದೆ. ಯಾವ ಮೂಗು ಅವನನ್ನು ಕರೆದೊಯ್ಯಿತೋ ಅದೇ ಮೂಗು ವಾಪಸು ತರುವ ಸಾಧ್ಯತೆಯಿತ್ತು. ಆ ಸೀರೆ ಮಡಿಕೆ ಬಿಚ್ಚದೆ ಹಾಗೆಯೇ ನನ್ನ ಕೈಗೆ ಮರಳಿತು.

ಗುಂಡನನ್ನು ಕಂಡವರು ಆ ಹೊಲದ ರೈತರು. ರಾಗಿ ತೆನೆಗಳ ನಡುವೆ ಬಾಲದ ಬಿಳಿ ತುದಿ ಅಲ್ಲಾಡುವುದನ್ನು ನೋಡಿ, ಕೊರಳಪಟ್ಟಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದರು. ಅವರ ಋಣ ನಾನು ತೀರಿಸಲಾರೆ. ಆಗ ಅವನ ಎರಡು ಅಂಗಾಲುಗಳ ಚರ್ಮ ಕಿತ್ತುಬಂದಿತ್ತು. ಜೋಲುಕಿವಿಗಳ ಒಳಮಡಿಕೆಯಿಂದ ವೈದ್ಯರು ಹದಿನಾಲ್ಕು ಉಣ್ಣಿಗಳನ್ನು ತೆಗೆದರು. ಉಣ್ಣಿ ಜ್ವರದ ಭಯದಿಂದ ರಕ್ತ ಪರೀಕ್ಷೆಯನ್ನೂ ಮಾಡಿಸಬೇಕಾಯಿತು.

ಆದ್ದರಿಂದ ಐದು ದಿನಗಳಿಗೆ ಪಡೆದ 5,500 ರೂಪಾಯಿಯನ್ನು, ಚಿಕಿತ್ಸೆಗೆ ತಗುಲಿದ 4,850 ರೂಪಾಯಿಯ ಜೊತೆಗೆ ಮರಳಿಸಬೇಕು, ರಸೀದಿಗಳನ್ನು ಲಗತ್ತಿಸಿದ್ದೇನೆ. ಬೇಲಿಯ ಬುಡವನ್ನು ಸುತ್ತಲೂ ಭದ್ರಪಡಿಸಿ ಅದರ ಚಿತ್ರ ಕಳುಹಿಸಬೇಕು. ಗುಂಡನ ಬಗ್ಗೆ ಬರೆದ ಮಾತನ್ನು ನಿಮ್ಮ ದಾಖಲೆಯಿಂದ ತೆಗೆದು, ಲೀಶ್ ಕಳಚಿದ್ದು ನಿಮ್ಮವರೇ ಎಂದು ಲಿಖಿತವಾಗಿ ಒಪ್ಪಿಕೊಳ್ಳಬೇಕು. ಹಣಕ್ಕಿಂತ ಇದು ನನಗೆ ಮುಖ್ಯ, ಏಕೆಂದರೆ ನಾಯಿಯದೇ ತಪ್ಪೆಂದು ನಂಬಿರುವವರೆಗೆ ನಿಮ್ಮ ಸಿಬ್ಬಂದಿ ಮುಂದೆ ಬರುವ ಬೀಗಲ್‌ನ ಲೀಶನ್ನೂ ಹೀಗೆಯೇ ಕಳಚುತ್ತಾರೆ.

ಹದಿನೈದು ದಿನಗಳೊಳಗೆ ಉತ್ತರ ಬಾರದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕ ಆಯೋಗದಲ್ಲಿ ದಾಖಲಿಸುತ್ತೇನೆ.

ಇಂತಿ,
ಗುಂಡನ ಮನೆಯವರ ಪರವಾಗಿ,
ನಿಮ್ಮ ಗ್ರಾಹಕಿ,
ಬೆಂಗಳೂರು

ಲಗತ್ತು: ಅರ್ಜಿಯ ಪ್ರತಿ, ಬೇಲಿಯ ಚಿತ್ರಗಳು, ಪಶುವೈದ್ಯರ ವರದಿ, ರಸೀದಿಗಳು