ಹೊಸಬ್ರಿಗೆ ಸ್ವಲ್ಪ ಜಾಗ ಬಿಡೋಣ

ಎಲ್ರಿಗೂ ನಮಸ್ಕಾರ. ಈ ತಿಂಗಳು ನಮ್ಮ ಓಪನ್ ಸೋರ್ಸ್ (ಯಾರು ಬೇಕಾದ್ರೂ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್) ಗುಂಪಿಗೆ ತುಂಬಾ ಜನ ಸ್ಟೂಡೆಂಟ್ಸ್ ಸೇರಿದಾರೆ, ಅದಕ್ಕೆ ಹಳಬ್ರಿಗೆ ಒಂದು ರಿಕ್ವೆಸ್ಟ್. ಕೋಡ್ ಇಟ್ಟು ಎಲ್ರೂ ಸೇರಿ ಕೆಲ್ಸ ಮಾಡೋ ಗಿಟ್‌ಹಬ್ ಸೈಟ್‌ನಲ್ಲಿ 'ಗುಡ್ ಫಸ್ಟ್ ಇಶ್ಯೂ' (ಹೊಸಬ್ರು ಶುರು ಮಾಡೋಕೆ ಸುಲಭದ ಕೆಲ್ಸ) ಅಂತ ಲೇಬಲ್ ಇರೋದನ್ನ ದಯವಿಟ್ಟು ನೀವೇ ಮುಗಿಸ್ಬೇಡಿ, ನಿಮಗೆ ಹತ್ತು ನಿಮಿಷದ ಕೆಲ್ಸ ಇರ್ಬಹುದು ಆದ್ರೆ ಹೊಸಬ್ರು ಫೋರ್ಕ್ ಮಾಡೋದು (ಪ್ರಾಜೆಕ್ಟ್‌ನ ತಮ್ಮದೊಂದು ಕಾಪಿ), ಬ್ರಾಂಚ್ ತೆಗೆಯೋದು (ಬದಲಾವಣೆಗೆ ಬೇರೆ ಕವಲು), ಪುಲ್ ರಿಕ್ವೆಸ್ಟ್ ಕಳ್ಸೋದು (ಬದಲಾವಣೆ ಸೇರಿಸ್ಕೊಳ್ಳಿ ಅಂತ ಕೇಳೋದು) ಎಲ್ಲಾ ಕಲಿಯೋದೇ ಅದ್ರಲ್ಲಿ. ಲೇಬಲ್ ಹಾಕೋವಾಗ ಯಾವ ಫೈಲ್ ನೋಡ್ಬೇಕು, ಹೇಗೆ ಟೆಸ್ಟ್ ಮಾಡ್ಬೇಕು ಅಂತ ಎರಡು ಸಾಲು ಬರೀರಿ.

ನನ್ನ ಮೊದಲ್ನೇ ಪ್ಯಾಚ್‌ಗೆ (ಕೋಡ್ ತಿದ್ದುಪಡಿಗೆ) ಐದು ತಿಂಗ್ಳು ಯಾರೂ ಉತ್ತರ ಕೊಡ್ಲಿಲ್ಲ, ಆಮೇಲೆ ಒಂದು ವರ್ಷ ನಾನು ಆ ಕಡೆ ತಲೆನೇ ಹಾಕ್ಲಿಲ್ಲ, ಆ ಬೇಜಾರು ಇನ್ನೂ ಇದೆ. ಅದಕ್ಕೇ ಹೊಸಬ್ರ ಪ್ಯಾಚ್ ಪೂರ್ತಿ ರಿವ್ಯೂ ಮಾಡೋಕೆ ಆಗ್ದಿದ್ರೂ "ನೋಡಿದೀನಿ, ಭಾನುವಾರ ಹೇಳ್ತೀನಿ" ಅಂತಾದ್ರೂ ಹಾಕಿ.

ಕೋಡಿಂಗ್ ಬರ್ದೇ ಇರೋರೂ ಹೆದರ್ಬೇಡಿ. ಫೈರ್‌ಫಾಕ್ಸ್‌ಗೆ ಪಾಂಟೂನ್ ಅನ್ನೋ ಸೈಟ್‌ನಲ್ಲಿ, ಮೀಡಿಯಾವಿಕಿಗೆ (ವಿಕಿಪೀಡಿಯ ನಡೆಯೋ ಸಾಫ್ಟ್‌ವೇರ್) ಟ್ರಾನ್ಸ್‌ಲೇಟ್‌ವಿಕಿ ಸೈಟ್‌ನಲ್ಲಿ ಬ್ರೌಸರ್‌ನಲ್ಲೇ ಕನ್ನಡಕ್ಕೆ ಅನುವಾದ ಮಾಡ್ಬಹುದು, ಗಿಟ್ (ಕೋಡ್ ಬದಲಾವಣೆಗಳ ಲೆಕ್ಕ ಇಡೋ ಟೂಲ್) ಬೇಕಾಗಲ್ಲ. ಇನ್ನೊಂದು, ಎಲ್ಲಾದ್ರೂ ಒತ್ತಕ್ಷರ ಅಥವಾ ಅರ್ಕಾವೊತ್ತು ತಪ್ಪಾಗಿ ಕಾಣ್ಸಿದ್ರೆ ಸ್ಕ್ರೀನ್‌ಶಾಟ್ ತೆಗ್ದು, ಆ ಪದ ಟೈಪ್ ಮಾಡಿ, ಫಾಂಟ್ ಹೆಸ್ರು ವರ್ಷನ್ ಸಮೇತ ಬಗ್ ರಿಪೋರ್ಟ್ (ತಪ್ಪಿನ ವರದಿ) ಹಾಕಿ. ಹಾರ್ಫ್‌ಬಜ್ (ಅಕ್ಷರಗಳನ್ನ ಜೋಡ್ಸಿ ಸರಿಯಾದ ರೂಪ ಕೊಡೋ ಸಾಫ್ಟ್‌ವೇರ್) ಥರದ ಪ್ರಾಜೆಕ್ಟ್ ನೋಡ್ಕೊಳ್ಳೋರಿಗೆಲ್ಲಾ ಕನ್ನಡ ಓದೋಕೆ ಬರಲ್ಲ, 'ರ್ಕ' ಸರಿಯಾಗಿ ಮೂಡಿದ್ಯಾ ಅಂತ ನಾವೇ ಹೇಳ್ಬೇಕು.

ಡೌಟ್ ಇದ್ರೆ ಪರ್ಸನಲ್ ಮೆಸೇಜ್ ಬೇಡ, ಇಲ್ಲೇ ಕನ್ನಡದಲ್ಲೇ ಕೇಳಿ, ಉತ್ತರ ಇನ್ನೊಬ್ರಿಗೂ ಸಿಗುತ್ತೆ. ಶನಿವಾರ ಸಂಜೆ 6ಕ್ಕೆ ಕಾಲ್ ಇದೆ, ಏನೂ ಇನ್‌ಸ್ಟಾಲ್ ಆಗ್ದೇ ಇರೋ ಲ್ಯಾಪ್‌ಟಾಪ್‌ನಲ್ಲಿ ಬರೀ ರೀಡ್‌ಮಿ (ಪ್ರಾಜೆಕ್ಟ್ ಜೊತೆ ಬರೋ ಸೂಚನೆಗಳ ಫೈಲ್) ನೋಡ್ಕೊಂಡು ಬಿಲ್ಡ್ ಮಾಡ್ತೀವಿ (ಕೋಡ್‌ನಿಂದ ಓಡೋ ಪ್ರೋಗ್ರಾಂ ತಯಾರ್ಸೋದು), ಎಲ್ಲಿ ಕೈಕೊಡುತ್ತೋ ಅಲ್ಲೇ ರೀಡ್‌ಮಿ ತಿದ್ದೋಣ.