ಯಾವ ರೇಡಿಯೋ ಕೊಳ್ಳಬೇಕು, ಮೊದಲು ಅದನ್ನು ಹೇಳಿ

ಮಾನ್ಯ ಸಂಪಾದಕರೇ,

ಡಿಜಿಟಲ್ ರೇಡಿಯೋ ಬಗ್ಗೆ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿ ಸಂಜೆಯೇ ಸೆಟ್ ಕೊಳ್ಳಲು ಹೋದೆ. ಅಂಗಡಿಯವರು "ಈಗ ತಗೋಬೇಡಿ ಸಾರ್, ಯಾವ ಬಗೆಯ ಡಿಜಿಟಲ್ ಪ್ರಸಾರ ಬರುತ್ತೆ ಅಂತ ಇನ್ನೂ ಗೊತ್ತಿಲ್ಲ" ಎಂದರು. ಮಾರುವವರೇ ಬೇಡ ಎಂದರೆ ಕೊಳ್ಳುವವರು ಏನು ಮಾಡಬೇಕು? ಪಕ್ಕದ ಅಂಗಡಿಯಲ್ಲಿ ಡಿಜಿಟಲ್ ಎಂದು ತೋರಿಸಿದ್ದು ಮಾಮೂಲಿ ಎಫ್‌ಎಂ ಸೆಟ್, ಮುಂದೆ ಅಂಕಿ ಕಾಣುವ ಪರದೆ ಇತ್ತು ಅಷ್ಟೇ. ಇವತ್ತು ಬೆಳಿಗ್ಗೆ ಒಂದು ಸರ್ಕಾರಿ ಕಚೇರಿಗೆ ಫೋನ್ ಮಾಡಿದರೆ, ಅದು ನಮ್ಮ ವಿಭಾಗ ಅಲ್ಲ ಎಂದು ಇನ್ನೊಬ್ಬರಿಗೆ ದಾಟಿಸಿದರು. ಅವರು ಎತ್ತಲೇ ಇಲ್ಲ.

ಆಕಾಶವಾಣಿ 30ಕ್ಕೂ ಹೆಚ್ಚು ಮೀಡಿಯಂ ವೇವ್ ಕೇಂದ್ರಗಳಿಗೆ ಡಿಆರ್‌ಎಂ ಎಂಬ ಒಂದು ಬಗೆಯ ಡಿಜಿಟಲ್ ಪ್ರಸಾರದ ಯಂತ್ರ ಕೂರಿಸಿ ವರ್ಷಗಳೇ ಆದವು. ಜನರ ದುಡ್ಡಿನ ಯಂತ್ರ ಅದು. ಕೆಲವು ಹೊಸ ಕಾರುಗಳಲ್ಲಿ ಡಿಆರ್‌ಎಂ ಬರುತ್ತದೆ. ಮನೆಯಲ್ಲಿ ಕೂತು ಕೇಳುವವರಿಗೆ ಕೈಗೆಟುಕುವ ಬೆಲೆಯ ಸೆಟ್ ಎಲ್ಲಿದೆ? ಪ್ರಸಾರ ಮೊದಲು, ಸೆಟ್ ಆಮೇಲೆ ಎಂದರೆ ಕೇಳುವವರು ಯಾರು?

ಎಫ್‌ಎಂ ಅನ್ನು ಡಿಜಿಟಲ್ ಮಾಡುವ ಕಥೆ ಇನ್ನೂ ಉದ್ದ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2018ರಲ್ಲೇ ಡಿಜಿಟಲ್ ರೇಡಿಯೋ ಬಗ್ಗೆ ಶಿಫಾರಸು ಕೊಟ್ಟಿತ್ತು. 2024ರಲ್ಲಿ ಮತ್ತೆ ಸಮಾಲೋಚನಾ ಪತ್ರ. 2025ರ ಅಕ್ಟೋಬರ್‌ನಲ್ಲಿ, ದೇಶಕ್ಕೆಲ್ಲ ಒಂದೇ ಮಾನದಂಡ ಇರಲಿ ಎಂದು ಇನ್ನೊಂದು ಶಿಫಾರಸು. ಆ ಒಂದು ಡಿಆರ್‌ಎಂ ಆಗುತ್ತಾ, ಇಲ್ಲ ಎಚ್‌ಡಿ ರೇಡಿಯೋ ಎಂಬ ಇನ್ನೊಂದು ಬಗೆ ಆಗುತ್ತಾ? ಇದು ಸಣ್ಣ ವಿಷಯ ಅಲ್ಲ, ಯಾಕೆಂದರೆ ಬರೀ ಡಿಆರ್‌ಎಂ ಹಿಡಿಯುವ ಸೆಟ್ಟಿಗೆ ಎಚ್‌ಡಿ ರೇಡಿಯೋ ಕೇಳಿಸುವುದೇ ಇಲ್ಲ. ಡಿಆರ್‌ಎಂ ಒಳಗೇ ಆಮೇಲೆ ಎಕ್ಸ್‌ಎಚ್‌ಇ-ಎಎಸಿ ಎಂಬ, ಧ್ವನಿಯನ್ನು ಕುಗ್ಗಿಸಿ ಕಳಿಸುವ ಹೊಸ ವಿಧಾನ ಸೇರಿತು. ಸಾಫ್ಟ್‌ವೇರ್ ಬದಲಿಸಲು ಆಗದ ಹಳೆಯ ಸೆಟ್‌ಗೆ ಅದೂ ಅರ್ಥವಾಗುವುದಿಲ್ಲ. ಬ್ರಿಟನ್ನಿನಲ್ಲಿ ಹೀಗೇ ಆಯಿತು. ಅಲ್ಲಿ ಬಿಬಿಸಿ 1995ರಲ್ಲೇ ಡಿಎಬಿ ಎಂಬ ಡಿಜಿಟಲ್ ಪ್ರಸಾರ ಶುರು ಮಾಡಿತು, ಜನ ನಂಬಿ ಸೆಟ್ ಕೊಂಡರು, ಆಮೇಲೆ ಅದರ ಹೊಸ ರೂಪ ಡಿಎಬಿ ಪ್ಲಸ್ ಬಂದಾಗ ಆ ಸೆಟ್‌ಗಳಿಗೆ ಹೊಸ ಚಾನೆಲ್‌ಗಳು ಸಿಗಲಿಲ್ಲ. ಕಣ್ಣೆದುರಿಗೆ ಈ ಪಾಠ ಇದ್ದೂ ನಮ್ಮವರು ಕಲಿಯಲಿಲ್ಲ ಎಂದರೆ ಸಿಟ್ಟು ಬರುವುದಿಲ್ಲವಾ?

ಕೇಬಲ್ ಟಿವಿ ಡಿಜಿಟಲ್ ಮಾಡಿದಾಗಲೂ ಇದೇ ಪಾಡು. ಗಡುವು ಹಾಕಿ ಹೆದರಿಸಿ ಎಲ್ಲರ ಕೈಲೂ ಸೆಟ್ ಟಾಪ್ ಬಾಕ್ಸ್ ಕೊಳ್ಳಿಸಿದರು. ಆಪರೇಟರ್ ಬದಲಿಸಿದರೆ ಆ ಬಾಕ್ಸ್ ಕೆಲಸಕ್ಕೆ ಬರಲಿಲ್ಲ, ಅಟ್ಟಕ್ಕೆ ಹೋಯಿತು. ಆಗ ಯಾವ ಅಧಿಕಾರಿ ಕೈಯಿಂದ ದುಡ್ಡು ಹೋಯಿತು ಹೇಳಿ. ಫೈಲು ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ತಂತ್ರಜ್ಞಾನವೇ ಹಳೆಯದಾಗುತ್ತದೆ, ಇವರಿಗೆ ಅದರ ಚಿಂತೆಯೇ ಇಲ್ಲ.

ರೇಡಿಯೋ ಬಿಟ್ಟರೆ ಬೇರೆ ಗತಿ ಇಲ್ಲದವರು ಇನ್ನೂ ಎಷ್ಟೋ ಜನ ಇದ್ದಾರೆ. ಕಣ್ಣು ಮಂಜಾದ ಹಿರಿಯರು, ಇಂಟರ್ನೆಟ್ ಸರಿಯಾಗಿ ಸಿಗದ ಊರಿನವರು. ಅವರಿಗೆ ಪ್ರತಿ ಐದಾರು ವರ್ಷಕ್ಕೊಂದು ಸೆಟ್ ಕೊಳ್ಳಿ ಎನ್ನುವುದಕ್ಕೆ ಆಗುತ್ತಾ?

ಆದ್ದರಿಂದ ಯಾವ ಮಾನದಂಡ ಎಂದು ಬೇಗ ಹೇಳಿ. ಹೇಳಲು ಆಗದಿದ್ದರೆ ಈಗಿರುವ ಪ್ರಸಾರವನ್ನು ಮುಟ್ಟಲೇಬೇಡಿ. ಸೆಟ್‌ಗಳ ಬೆಲೆಯನ್ನೂ ಇಳಿಸಿ, ಎರಡೂ ಬಗೆ ಹಿಡಿಯುವ ಸೆಟ್ ಮಾಡಿಸಿ, ಏನಾದರೂ ಮಾಡಿ. ಸುಮ್ನೆ ವರದಿ ಮೇಲೆ ವರದಿ ಬರೆದು ನಮ್ಮನ್ನು ಅಂಗಡಿ ಅಂಗಡಿ ಅಲೆಸಬೇಡಿ.

— ಒಬ್ಬ ರೇಡಿಯೋ ಕೇಳುಗ