‘ಇಲ್ಲೇ ಹೋಗಿದ್ದಾರೆ’ ಎಂಬ ಉತ್ತರದ ಬದಲಿಗೆ ಒಂದು ಹಲಗೆ

ಸಕಲೇಶಪುರ ತಾಲ್ಲೂಕಿನ ನಮ್ಮ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಎಲ್ಲ ಸದಸ್ಯರಿಗೂ, ಗೊಬ್ಬರದ ಗೋದಾಮಿನ ಗ್ರಾಹಕರಿಗೂ, ಪಡಿತರ ಚೀಟಿದಾರರಿಗೂ,

ಮಾನ್ಯರೇ,

ಮುಂದಿನ ಸೋಮವಾರದಿಂದ ಕಚೇರಿಯ ಐದೂ ಮೇಜುಗಳಿಗೆ ಒಂದೊಂದು ಮರದ ಹಲಗೆ ಬರುತ್ತಿದೆ. ಮೇಜಿನವರು ಎದ್ದು ಹೋಗಿದ್ದಾಗ ಎಲ್ಲಿದ್ದಾರೆ, ಎಷ್ಟು ಗಂಟೆಗೆ ಮುಂಚೆ ಬರುವುದಿಲ್ಲ, ಅಲ್ಲಿಯವರೆಗೆ ಯಾರನ್ನು ಕೇಳಬೇಕು ಎಂಬ ಮೂರು ಸಂಗತಿಗಳನ್ನು ಅದು ಹೇಳುತ್ತದೆ. ಬದಲಾವಣೆ ಇಷ್ಟೇ. ಇಷ್ಟಕ್ಕೆ ಒಂದು ಪತ್ರ ಬೇಕೇ ಎಂದು ಆಡಳಿತ ಮಂಡಳಿಯ ಸಭೆಯಲ್ಲೇ ಒಬ್ಬರು ಕೇಳಿದರು. ಬೇಕು ಎಂದೆ, ಏಕೆಂದರೆ ಹಲಗೆ ಬರುವುದಕ್ಕೆ ನಮ್ಮದೇ ತಪ್ಪು ಕಾರಣ. ತಪ್ಪನ್ನು ಮುಚ್ಚಿಟ್ಟು ಹಲಗೆಯನ್ನು ಮಾತ್ರ ತೋರಿಸುವುದು ಸರಿಯಲ್ಲ.

ಈ ಸಲದ ರೋಬಸ್ಟಾ ಕಾಫಿ ಕುಯ್ಲಿನ ಹೊತ್ತಿನಲ್ಲಿ ಹೆತ್ತೂರು ಕಡೆಯ ಒಬ್ಬ ಸದಸ್ಯೆ, ಸಾಲ ಬಾಕಿ ಇಲ್ಲ ಎಂದು ಹೇಳುವ ಬೇಬಾಕಿ ಪತ್ರಕ್ಕಾಗಿ ನಮ್ಮಲ್ಲಿಗೆ ಮೂರು ಸಲ ಬಂದರು. ಮೊದಲ ಸಲ ಸಾಲ ವಿಭಾಗದವರು ‘ಇಲ್ಲೇ ಹೋಗಿದ್ದಾರೆ’ ಎಂಬ ಉತ್ತರ ಸಿಕ್ಕಿತು. ಎರಡನೆಯ ಸಲವೂ ಅದೇ. ಮೂರನೆಯ ಸಲ ಬೆಳಗ್ಗೆ ಹತ್ತೂವರೆಗೆ ಬಂದು ಗೋಡೆ ಪಕ್ಕದ ಬೆಂಚಿನ ಮೇಲೆ ಕುಳಿತವರು ಸಂಜೆ ನಾಲ್ಕರವರೆಗೆ ಕುಳಿತೇ ಇದ್ದರು. ಕುರ್ಚಿಯ ಬೆನ್ನಿಗೆ ಟವೆಲ್ ಇತ್ತು, ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು, ಮೇಜಿನ ಮೇಲೆ ತೆರೆದಿಟ್ಟ ಕನ್ನಡಕದ ಡಬ್ಬಿ ಇತ್ತು. ನೋಡಿದವರು ಯಾರಾದರೂ ಇನ್ನು ಐದು ನಿಮಿಷದಲ್ಲಿ ಬರುತ್ತಾರೆ ಎಂದೇ ತಿಳಿಯಬೇಕು. ಸಾಲ ವಿಭಾಗದವರು ಅಂದು ಬೆಳಗಿನಿಂದಲೂ ಹಾಸನದಲ್ಲಿದ್ದರು. ಕಚೇರಿಯಲ್ಲಿ ಮೂವರಿಗೆ ಆ ವಿಷಯ ಗೊತ್ತಿತ್ತು. ಆ ಮೂವರಲ್ಲಿ ನಾನೂ ಒಬ್ಬ.

ಆಕೆ ಜಗಳವಾಡಲಿಲ್ಲ. ಹೊರಡುವಾಗ, “ಹಾಸನಕ್ಕೆ ಹೋಗಿದ್ದಾರೆ ಎಂದು ಒಂದು ಮಾತು ಹೇಳಿದ್ದರೆ ನಾನು ಬಂದ ಬಸ್ಸಿಗೇ ವಾಪಸು ಹೋಗುತ್ತಿದ್ದೆನಲ್ಲ ಸಾರ್, ತೋಟದಲ್ಲಿ ಆಳುಗಳಿದ್ದರು” ಎಂದರು. ಹಣ್ಣು ಗಿಡದಲ್ಲಿ ಒಣಗಿ ಉದುರುವ ಕಾಲದಲ್ಲಿ ಯಜಮಾನಿಯೇ ಇಲ್ಲದ ತೋಟದಲ್ಲಿ ಒಂದು ದಿನದ ಕುಯ್ಲು ಹೇಗೆ ನಡೆಯುತ್ತದೆ ಎಂಬುದನ್ನು ಈ ಭಾಗದವರಿಗೆ ಯಾರೂ ವಿವರಿಸಬೇಕಿಲ್ಲ.

‘ಇಲ್ಲೇ ಹೋಗಿದ್ದಾರೆ’ ಎನ್ನುವವರು ಸುಳ್ಳು ಹೇಳಬೇಕೆಂದು ಹೇಳುವುದಿಲ್ಲ. ಸಹೋದ್ಯೋಗಿಯ ಮಾನ ಕಾಯುತ್ತಿದ್ದೇವೆ ಎಂದುಕೊಂಡು ಹೇಳುತ್ತಾರೆ. ಬೇರೆ ಊರಿನಲ್ಲಿದ್ದಾರೆ ಎಂದರೆ ಕೆಲಸ ತಪ್ಪಿಸಿ ಹೋದಂತೆ ಕೇಳಿಸೀತು ಎಂಬ ಭಯ ಅವರಿಗೆ. ವಾಸ್ತವವಾಗಿ ಹಾಸನಕ್ಕೆ ಹೋಗುವುದೇ ಅವರ ಕೆಲಸ. ನಿಮ್ಮ ಬೆಳೆ ಸಾಲದ ಹಣ ಬರುವುದು ಜಿಲ್ಲಾ ಸಹಕಾರ ಕೇಂದ್ರ ಬ್ಯಾಂಕಿನಿಂದ. ಇಲ್ಲಿ ತಯಾರಾದ ಪತ್ರಕಗಳು ಅಲ್ಲಿ ಮಂಜೂರಾಗಬೇಕು. ಸುಮಾರು 40 ಕಿಲೋಮೀಟರ್ ದಾರಿ. ಅಲ್ಲಿ ಒಂದು ಸಹಿಗೆ ಕಾಯುವುದಿದ್ದರೆ ಇಡೀ ದಿನ ಹೋಗುತ್ತದೆ. ಇದರಲ್ಲಿ ನಾಚುವಂಥದ್ದೇನೂ ಇಲ್ಲದಿದ್ದರೂ ಅದನ್ನು ನಿಮ್ಮಿಂದ ಬಚ್ಚಿಟ್ಟೆವು.

ಹಿಂದೆಲ್ಲ ಒಬ್ಬರಿಲ್ಲದಿದ್ದರೆ ಇನ್ನೊಬ್ಬರು ಲೆಡ್ಜರ್ ತೆಗೆದು ಬಾಕಿ ನೋಡಿ ಹೇಳುತ್ತಿದ್ದರು. ಪ್ರಾಥಮಿಕ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರ್ಕಾರ 2022ರಲ್ಲಿ ಒಪ್ಪಿಗೆ ನೀಡಿತು. ದೇಶದ 63,000 ಸಂಘಗಳನ್ನು ಗುರಿಯಾಗಿಟ್ಟುಕೊಂಡ ಆ ಯೋಜನೆ ನಮ್ಮ ಮೇಜಿಗೂ ಬಂದಿದೆ. ಈಗ ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪಾಸ್‌ವರ್ಡ್. ಒಬ್ಬರ ಕೆಲಸವನ್ನು ಇನ್ನೊಬ್ಬರು ತೆರೆಯುವಂತಿಲ್ಲ, ತೆರೆಯಲೂಬಾರದು. ಗೋದಾಮಿನದೂ ಅದೇ ಕಥೆ. 2018ರಿಂದ ಸಬ್ಸಿಡಿ ಗೊಬ್ಬರವನ್ನು ಆಧಾರ್‌ನಂಥ ಗುರುತು ನೋಡಿ ಯಂತ್ರದ ಮೂಲಕವೇ ಕೊಡಬೇಕು. ಯಂತ್ರ ನೋಡಿಕೊಳ್ಳುವವರು ಎದ್ದು ಹೋದರೆ 45 ಕಿಲೋ ಯೂರಿಯಾ ಚೀಲ ಕಣ್ಣೆದುರೇ ಇದ್ದರೂ ನಿಮ್ಮ ಜೀಪಿಗೆ ಏರುವುದಿಲ್ಲ. ಹೀಗಾಗಿ ಒಬ್ಬರ ಗೈರುಹಾಜರಿ ಹಿಂದೆಂದಿಗಿಂತ ಈಗ ನಿಮಗೆ ಹೆಚ್ಚು ತೊಂದರೆ ಕೊಡುತ್ತದೆ. ಶೂನ್ಯ ಬಡ್ಡಿ ಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದ್ದು ನಿಮಗೆ ತಿಳಿದಿದೆ. ಆದರೆ ವಾಯಿದೆಯೊಳಗೆ ಕಟ್ಟಿದವರಿಗಷ್ಟೇ ಆ ಶೂನ್ಯ ಬಡ್ಡಿ. ವಾಯಿದೆಯ ಕೊನೆಯ ದಿನಗಳಲ್ಲಿ ಬೆಂಚಿನ ಮೇಲೆ ಸುಮ್ಮನೆ ಕಳೆದ ಒಂದು ದಿನಕ್ಕೆ ರೂಪಾಯಿಯ ಲೆಕ್ಕದಲ್ಲೇ ಬೆಲೆ ಇದೆ.

ಈಗ ಹಲಗೆಯ ವಿಚಾರ.

ಸಿಲ್ವರ್ ಓಕಿನ ಹಲಗೆ. ಊರಿನ ಆಚಾರಿಯೊಬ್ಬರು ಮಾಡಿಕೊಟ್ಟಿದ್ದಾರೆ. ಮುಂಗೈ ಉದ್ದ, ಅಡಿಯಲ್ಲಿ ನಿಲ್ಲಲು ಒಂದು ಪಟ್ಟಿ. ಎಡಗಡೆ ಒಂದರ ಕೆಳಗೊಂದು ಚಿತ್ರ ಮತ್ತು ಪದ, ಅಂಚಿಗೆ ಬಟ್ಟೆ ಒಣಹಾಕುವ ಒಂದು ಕ್ಲಿಪ್. ಕ್ಲಿಪ್ ಯಾವ ಪದದ ಪಕ್ಕದಲ್ಲಿದೆಯೋ ಅಲ್ಲಿ ಅವರು ಇದ್ದಾರೆ. ಬಲಗಡೆ ಕೈಯಿಂದ ತಿರುಗಿಸುವ ಗಡಿಯಾರದ ಮುಖ. ಬ್ಯಾಟರಿ ಇಲ್ಲ, ಕರೆಂಟ್ ಬೇಡ, ನೆಟ್‌ವರ್ಕ್ ಬೇಡ. ಐದಕ್ಕೂ ಸೇರಿ ಒಂದು ಚೀಲ ಡಿಎಪಿ ಗೊಬ್ಬರದ ಬೆಲೆಯಷ್ಟೂ ಆಗಲಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲೇ ಹಾಕಬಹುದಿತ್ತಲ್ಲ ಎಂದು ಕಿರಿಯ ನಿರ್ದೇಶಕರೊಬ್ಬರು ಹೇಳಿದರು. ಹಾಕಬಹುದಿತ್ತು. ಆದರೆ ಆ ಗುಂಪಿನಲ್ಲಿ ನಮ್ಮ ಸೂಚನೆಗಳೆಲ್ಲ ಶುಭೋದಯದ ತಾವರೆ ಹೂವುಗಳ ಕೆಳಗೆ ಮುಳುಗಿಹೋಗುತ್ತವೆ. ಜೂನ್ ಮಳೆ ಹಿಡಿದು ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ. ಮೇಲಾಗಿ, ಕಚೇರಿಗೆ ಬಂದು ನಿಂತವರಿಗೆ ಉತ್ತರ ಬೇಕಾಗಿರುವುದು ಆ ಮೇಜಿನ ಮುಂದೆಯೇ.

ಯಾವ ಪದಗಳನ್ನು ಬರೆಯಬೇಕು ಎಂಬುದಕ್ಕೆ ಹಲಗೆ ಮಾಡುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ‘ಹೊರಗಿದ್ದಾರೆ’ ಎಂಬುದನ್ನು ಮೊದಲೇ ಹೊಡೆದುಹಾಕಿದೆವು. ಖಾಲಿ ಕುರ್ಚಿಯೇ ಅದನ್ನು ಹೇಳುತ್ತದೆ. ‘ಬ್ಯಾಂಕು’ ಎಂದು ಬರೆಯೋಣ ಎಂದುಕೊಂಡಿದ್ದೆವು. ನಗದು ವಿಭಾಗದವರು ಬೇಡವೆಂದರು. ಹಣ ಕಟ್ಟಲು ಯಾರು, ಯಾವ ಹೊತ್ತಿಗೆ ಹೋದರು ಎಂಬುದನ್ನು ಚಿತ್ರ ಸಮೇತ ಊರಿಗೆಲ್ಲ ಸಾರಿದಂತಾಗುತ್ತದೆ ಎಂಬುದು ಅವರ ಮಾತು. ನನಗೆ ಹೊಳೆದಿರಲಿಲ್ಲ. ಈಗ ಬ್ಯಾಂಕು, ತಾಲ್ಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿ ಎಲ್ಲವೂ ‘ಪೇಟೆ ಕೆಲಸ’ ಎಂಬ ಒಂದೇ ಪದದಲ್ಲಿ ಅಡಗಿವೆ. ‘ತೋಟ ಪರಿಶೀಲನೆ’ ಎಂದು ಇದೆ, ಆದರೆ ಯಾವ ಊರು ಎಂದು ಇರುವುದಿಲ್ಲ. ನಮ್ಮ ಮಹಿಳಾ ಸಿಬ್ಬಂದಿ ಒಬ್ಬರೇ ಸ್ಕೂಟರಿನಲ್ಲಿ ಎಸ್ಟೇಟ್ ರಸ್ತೆಗಳಲ್ಲಿ ಓಡಾಡುವವರು. ಅವರು ಕೇಳಿದ್ದು ನ್ಯಾಯವಾಗಿತ್ತು. ‘ರಜೆ’ ಎಂದರೆ ರಜೆ, ಕಾರಣ ನಿಮಗೂ ಬೇಡ ನನಗೂ ಬೇಡ. ಇನ್ನು ‘ಹಾಸನ’, ‘ಗೋದಾಮು’ ಮತ್ತು ‘ಊಟ’. ಕಾಫಿಗೆ ಎದ್ದು ಹೋದದ್ದನ್ನೂ ಬರೆಯಬೇಕೇ ಎಂಬ ಬಗ್ಗೆ ಅರ್ಧ ಗಂಟೆ ವಾದ ನಡೆಯಿತು. ಕಾಫಿ ಬೆಳೆಯುವವರ ಸಂಘದಲ್ಲಿ ಕಾಫಿಯನ್ನು ಮುಚ್ಚಿಡುವುದು ವಿಚಿತ್ರವೇ. ಆದರೂ ‘ಹತ್ತು ನಿಮಿಷ’ ಎಂಬ ಪದಕ್ಕೆ ಒಪ್ಪಿದೆವು. ಕಾಫಿ, ಶೌಚ, ಮನೆಯಿಂದ ಬಂದ ಫೋನು ಎಲ್ಲವೂ ಅದರಲ್ಲಿ ಬಂತು. ಅದನ್ನು ಕಂಡರೆ ದಯವಿಟ್ಟು ಕುಳಿತುಕೊಳ್ಳಿ, ನಿಜವಾಗಿಯೂ ಬರುತ್ತಾರೆ.

ಪಡಿತರಕ್ಕೆ ಬರುವವರಲ್ಲಿ ಓದಲು ಬಾರದ ಹಿರಿಯರಿದ್ದಾರೆ, ತೋಟದ ಲೈನು ಮನೆಗಳಲ್ಲಿರುವ, ಕನ್ನಡ ಬಾರದ ಕೂಲಿಯವರಿದ್ದಾರೆ, ಚಿತ್ರಗಳು ಅವರಿಗಾಗಿ. ಚೀಲವೆಂದರೆ ಗೋದಾಮು, ಬಸ್ಸೆಂದರೆ ಹಾಸನ. ಊಟಕ್ಕೆ ಬಾಳೆ ಎಲೆ ಬರೆಸಿದ್ದೆವು. ಹಿರಿಯ ಬೆಳೆಗಾರರೊಬ್ಬರು ಅದನ್ನು ನೋಡಿ “ತೋಟಕ್ಕೆ ಹೋಗಿದ್ದಾರೆ” ಎಂದು ನಿರ್ಧರಿಸಿ ಹೊರಟೇಬಿಟ್ಟರು. ಈಗ ಅಲ್ಲಿ ತಟ್ಟೆ, ಲೋಟ ಇದೆ.

ಇದು ತಿಳಿದದ್ದು ಒಂದು ತಿಂಗಳು ಗೋದಾಮಿನ ಮೇಜಿನ ಮೇಲೆ ಮಾತ್ರ ಹಲಗೆ ಇಟ್ಟು ನೋಡಿದಾಗ. ಅದಕ್ಕಿಂತ ದೊಡ್ಡ ಎಡವಟ್ಟೂ ಆಗಲೇ ಬೆಳಕಿಗೆ ಬಂತು. ಹೋಗುವಾಗ ಕ್ಲಿಪ್ ಹಾಕಲು ನಮ್ಮವರು ಮರೆಯಲಿಲ್ಲ. ಬಂದ ಮೇಲೆ ತೆಗೆಯಲು ಮರೆತರು. ಗುಮಾಸ್ತರು ಬೀರುವಿನ ಹಿಂದೆ ರಸೀದಿ ಪುಸ್ತಕ ಹುಡುಕುತ್ತಿದ್ದಾಗ, ಹಲಗೆಯ ‘ಪೇಟೆ ಕೆಲಸ’ ನಂಬಿದ ಒಬ್ಬ ಸದಸ್ಯರು ಬಸ್ ನಿಲ್ದಾಣಕ್ಕೆ ನಡೆದುಬಿಟ್ಟರು. ಮನುಷ್ಯ ಇದ್ದೂ ಇಲ್ಲವಾದ! ಸೂಚನೆ ಹೊರಡಿಸಿದೆ, ಕೂಗಿ ಹೇಳಿದೆ, ಫಲವಾಗಲಿಲ್ಲ. ಕೊನೆಗೆ ದಾರಿ ಹೇಳಿಕೊಟ್ಟವರು ಆಚಾರಿಯೇ. ಹಲಗೆಯನ್ನು ಮೇಜಿನ ಮೂಲೆಯಲ್ಲಿ ಇಡಬೇಡಿ, ಕೆಲಸ ಮಾಡುವ ಜಾಗದಲ್ಲೇ ಇಡಿ ಎಂದರು. ಈಗ ಎದ್ದು ಹೋಗುವವರು ಹಲಗೆಯನ್ನು ಕಂಪ್ಯೂಟರಿನ ಕೀಲಿಮಣೆಯ ಮೇಲೆ ನಿಲ್ಲಿಸಿ ಹೋಗುತ್ತಾರೆ. ಗೋದಾಮಿನಲ್ಲಿ ಗೊಬ್ಬರದ ಯಂತ್ರದ ಮೇಲೆ. ಬಂದು ಅದನ್ನು ತೆಗೆಯದೆ ಒಂದಕ್ಷರ ಒತ್ತುವಂತಿಲ್ಲ. ತೆಗೆದದ್ದು ಮೇಜಿನ ಖಾನೆಯೊಳಗೆ ಹೋಗುತ್ತದೆ. ಆದ್ದರಿಂದ ಹಲಗೆ ಕಂಡರೆ ಅವರು ಇಲ್ಲ, ಕಾಣದಿದ್ದರೆ ಇಲ್ಲೇ ಇದ್ದಾರೆ.

ಗಡಿಯಾರದ ಬಗ್ಗೆ ಒಂದು ಮಾತು, ಏಕೆಂದರೆ ಇದನ್ನು ತಪ್ಪಾಗಿ ಓದುವ ಸಾಧ್ಯತೆ ಇದೆ. ಮುಳ್ಳು 3ರ ಮೇಲಿದ್ದರೆ ‘ಮೂರಕ್ಕೆ ಬರುತ್ತಾರೆ’ ಎಂದರ್ಥವಲ್ಲ. ‘ಮೂರಕ್ಕೆ ಮುಂಚೆ ಬರುವುದಿಲ್ಲ’ ಎಂದರ್ಥ. ಮುಖದ ಕೆಳಗೆ ‘ಮುಂಚೆ ಇಲ್ಲ’ ಎಂದು ಬರೆಸಿಯೂ ಇದೆ. ಹಾಸನದಲ್ಲಿ ಸಹಿ ಯಾವಾಗ ಬೀಳುತ್ತದೆ, ದಾರಿಯಲ್ಲಿ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ಬರುವ ಹೊತ್ತು ಹೇಳಿದರೆ ಅದು ಇನ್ನೊಂದು ‘ಇಲ್ಲೇ ಹೋಗಿದ್ದಾರೆ’ ಆಗುತ್ತದೆ. ಬಾರದ ಹೊತ್ತನ್ನು ಮಾತ್ರ ಖಚಿತವಾಗಿ ಹೇಳಬಲ್ಲೆವು. ನಿಮಗೆ ಬೇಕಾದದ್ದೂ ಅದೇ ಎಂದು ನನ್ನ ಅನಿಸಿಕೆ: ಗಿರಣಿಗೆ ಹೋಗಿ ಬರಲು ಹೊತ್ತಿದೆಯೇ, ಆಸ್ಪತ್ರೆಯ ಚೀಟಿ ಮಾಡಿಸಬಹುದೇ, ಇಲ್ಲ ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗಿಬಿಡುವುದೇ ಮೇಲೇ.

ಹಲಗೆಯ ಕೆಳಸಾಲಿನಲ್ಲಿ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಮೇಜಿನಲ್ಲಿ ನಿಮ್ಮ ಕಾಗದ ಕೊಟ್ಟು ಸ್ವೀಕೃತಿ ಚೀಟಿ ಪಡೆಯಿರಿ. ಠೇವಣಿ ಕಟ್ಟುವುದು, ಸಾಲದ ಕಂತು ಕಟ್ಟಿ ರಸೀದಿ ಪಡೆಯುವುದು, ಪಹಣಿ ಮತ್ತಿತರ ದಾಖಲೆ ಒಪ್ಪಿಸುವುದು ಯಾರಿಲ್ಲದಿದ್ದರೂ ನಡೆಯುತ್ತದೆ. ಸಾಲದ ಪತ್ರಕ್ಕೆ ಸಹಿ, ಬೇಬಾಕಿ ಪತ್ರ, ಯಂತ್ರದ ಮೂಲಕ ಕೊಡುವ ಗೊಬ್ಬರ ಇವುಗಳಿಗೆ ಮಾತ್ರ ಆಯಾ ಮೇಜಿನವರೇ ಬೇಕು. ಬೇಬಾಕಿಗೆ ಅರ್ಜಿ ಕೊಟ್ಟು ಹೋದರೆ ಸಿದ್ಧವಾದ ದಿನ ನಾವೇ ಫೋನ್ ಮಾಡುತ್ತೇವೆ. ಇದನ್ನು ಮೊದಲೇ ಮಾಡಬೇಕಿತ್ತು.

ನಿಮ್ಮಿಂದಲೂ ಒಂದು ಸಹಾಯ ಬೇಕು. ಹಲಗೆಯಲ್ಲಿ ‘ತೋಟ ಪರಿಶೀಲನೆ’ ಕಂಡ ಕೂಡಲೇ ಸಿಬ್ಬಂದಿಯ ಸ್ವಂತ ಮೊಬೈಲಿಗೆ ಕರೆ ಮಾಡಬೇಡಿ. ತಿರುವಿನ ರಸ್ತೆ, ಮಳೆ, ಎರಡು ಚಕ್ರದ ಗಾಡಿ. ಎಷ್ಟು ಹೇಳಿದರೂ ಕರೆ ಬಂದರೆ ಕೈ ಜೇಬಿಗೇ ಹೋಗುತ್ತದೆ. ತುರ್ತಿದ್ದರೆ ಕಚೇರಿಯ ದೂರವಾಣಿಗೆ ಮಾಡಿ.

ಈ ಹಲಗೆಯನ್ನೇ ಹಾಜರಿಗೂ ಬಳಸಿ, ಯಾರು ಎಷ್ಟು ಹೊತ್ತು ಎದ್ದು ಹೋದರೆಂದು ಲೆಕ್ಕ ಇಡಿ ಎಂಬ ಸಲಹೆಯೂ ಬಂದಿತ್ತು. ನಾನು ಒಪ್ಪಲಿಲ್ಲ. ಅದಕ್ಕೆ ಹಾಜರಿ ಪುಸ್ತಕವಿದೆ, ಚಲನವಲನ ವಹಿಯಿದೆ; ಅವೆರಡೂ ಮೇಲಿನವರ ಕಣ್ಣಿಗಾಗಿ ಇರುವಂಥವು, ನನ್ನ ಬೀರುವಿನಲ್ಲೇ ಇರುತ್ತವೆ. ಚಲನವಲನ ವಹಿಯಲ್ಲಿ ಆ ಸದಸ್ಯೆ ಬಂದ ದಿನ ‘ಹಾಸನ, ಬ್ಯಾಂಕು’ ಎಂದು ಬೆಳಗ್ಗೆ ಒಂಬತ್ತಕ್ಕೇ ಚೊಕ್ಕವಾಗಿ ಬರೆದಿತ್ತು. ಬೆಂಚಿನಿಂದ ನಾಲ್ಕು ಮಾರು ದೂರದಲ್ಲಿ, ಬೀಗ ಹಾಕಿದ ಬೀರುವಿನೊಳಗೆ. ಹಲಗೆ ನಿಮ್ಮ ಕಡೆಗೆ ಮುಖ ಮಾಡಿ ನಿಲ್ಲಲಿ ಎಂಬಷ್ಟೇ ನನ್ನ ಆಸೆ. ದಂಡ ಹಾಕಲು ಅದನ್ನು ಬಳಸಿದರೆ ಮೂರನೆಯ ದಿನಕ್ಕೆ ಎಲ್ಲ ಕ್ಲಿಪ್‌ಗಳೂ ‘ಹತ್ತು ನಿಮಿಷ’ದಲ್ಲೇ ಅಂಟಿಕೊಳ್ಳುತ್ತವೆ.

ಹಲಗೆ ಹೇಳುವುದು ಒಂದು, ನಿಜ ಇನ್ನೊಂದು ಎಂದು ಕಂಡುಬಂದರೆ ಹಲಗೆಯನ್ನು ತಂದು ನನ್ನ ಮೇಜಿನ ಮೇಲೆ ಇಡಿ. ಮಾತನಾಡುವ ಅಗತ್ಯವಿಲ್ಲ, ಅರ್ಜಿ ಬರೆಯುವುದೂ ಬೇಡ. ನನ್ನ ಮೇಜಿಗೂ ಒಂದು ಹಲಗೆ ಇದೆ. ಅದು ಸುಳ್ಳು ಹೇಳಿದರೆ ಅಧ್ಯಕ್ಷರ ಮೇಜಿಗೆ ಕೊಂಡೊಯ್ಯಿರಿ. ಮೂರು ಸಲ ಬಂದ ಆ ಸದಸ್ಯೆಯ ಬೇಬಾಕಿ ಪತ್ರವನ್ನು ನಾವೇ ಅವರ ಮನೆಗೆ ತಲುಪಿಸಿದ್ದೇವೆ. ಹಲಗೆಯ ಮಾದರಿಯನ್ನು ಮೊದಲು ತೋರಿಸಿದ್ದೂ ಅವರಿಗೇ. ತಿರುಗಿಸಿ ನೋಡಿ, “ಅಕ್ಷರ ಇನ್ನೂ ದಪ್ಪ ಇರಬೇಕಿತ್ತು” ಎಂದರು. ದಪ್ಪ ಮಾಡಿಸಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ

ವಿ.ಸೂ.: ಸೋಮವಾರ ನಾನೇ ಹಾಸನಕ್ಕೆ ಹೋಗುವುದಿದೆ. ನನ್ನ ಹಲಗೆಯಲ್ಲಿ ಬಸ್ಸಿನ ಚಿತ್ರದ ಪಕ್ಕ ಕ್ಲಿಪ್, ಮುಳ್ಳು 4ರ ಮೇಲೆ, ಕೆಳಗೆ ‘ಮೇಜು 2’ ಎಂದಿರುತ್ತದೆ.